ಹುಡುಗಿಯರಿಗೆ ಒಂದು ಸುತ್ತು ಸಾಕೇ?

ಮಳೆ ಹಿಮ್ಮೆಟ್ಟಿ ಶಾಲೆಯ ಮೈದಾನದ ಕೆಸರು ಆರಿದೊಡನೆ ನಮ್ಮ ಕಾಸರಗೋಡಿನ ಊರುಗಳಲ್ಲಿ ಓಟದ ಕಾಲ ಆರಂಭವಾಗುತ್ತದೆ. ಮೊದಲು ಶಾಲಾ ಮಟ್ಟದ ಆಟೋಟ, ಬಳಿಕ ಉಪಜಿಲ್ಲಾ ಕ್ರೀಡಾಕೂಟ, ಅಲ್ಲಿ ಗೆದ್ದವರಿಗೆ ಜಿಲ್ಲಾ ಕೂಟ. ಈ ಅಂಕಣದಲ್ಲಿ ಜಾಗದ ಪಟ್ಟೆ, ಬಾಡಿಗೆ ಕರಾರು, ಜೀವನಾಂಶ ಮುಂತಾದ ವಿಷಯಗಳನ್ನು ಓದಿ ಅಭ್ಯಾಸವಾದ ಓದುಗರಿಗೆ ಇಂದು ಮೈದಾನದ ಮಾತು ಎತ್ತುತ್ತಿರುವುದು ವಿಚಿತ್ರವಾಗಿ ಕಾಣಬಹುದು. ಆದರೆ ಸಂವಿಧಾನದ ಸಮಾನತೆಯ ಪಾಠವನ್ನು ನನಗೆ ಈ ವರ್ಷ ಮತ್ತೊಮ್ಮೆ ಕಲಿಸಿದ್ದು ನ್ಯಾಯಾಲಯವಲ್ಲ, ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು.

ಅಂದು ಅವಳ ತರಗತಿಯವರಿಗೆ ದೈಹಿಕ ಕ್ಷಮತೆಯ ಪರೀಕ್ಷೆ ಇತ್ತು. ಮೈದಾನದ ಒಂದು ಸುತ್ತು ಸುಮಾರು 200 ಮೀಟರು. 600 ಮೀಟರ್ ಓಟವೆಂದರೆ ಮೂರು ಸುತ್ತು. ಹುಡುಗರು ಮೂರು ಸುತ್ತು ಓಡಿದರು. ಮಾಸ್ತರರು ಗಡಿಯಾರ ಹಿಡಿದು ಒಬ್ಬೊಬ್ಬನ ಸಮಯವನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಹುಡುಗಿಯರ ಸರದಿ ಬಂದಾಗ "ನಿಮಗೆ ಒಂದು ಸುತ್ತು ಸಾಕು" ಎಂದರು. ಅವರು ಒಂದು ಸುತ್ತು ಓಡಿ, ಮಾವಿನ ಮರದ ನೆರಳಿನಲ್ಲಿ ಕುಳಿತು, ಹುಡುಗರ ನೀರಿನ ಬಾಟ್ಲಿಗಳನ್ನು ಕಾದರು. ಎಲ್ಲ ಹುಡುಗಿಯರ ಕಾರ್ಡಿನಲ್ಲೂ 'ಉತ್ತಮ' ಎಂದು ಬರೆಯಲಾಯಿತು.

ಸಂಜೆ ಮಗಳು ಆ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, "ಅಪ್ಪಾ, ಇದು ಸರಿಯೋ?" ಎಂದು ಕೇಳಿದಳು. ನಾನು ವಕೀಲನ ಅಭ್ಯಾಸದಂತೆ ಉತ್ತರಿಸಿದೆ. ಸಂವಿಧಾನದ 15ನೆಯ ವಿಧಿ ಲಿಂಗದ ಆಧಾರದಲ್ಲಿ ತಾರತಮ್ಯ ಕೂಡದೆನ್ನುತ್ತದೆ. ಆದರೆ ಅದರ ಮೂರನೆಯ ಖಂಡವು ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಲು ಸರಕಾರಕ್ಕೆ ಅನುಮತಿ ನೀಡುತ್ತದೆ. ನೀನು ಹೆಣ್ಣೂ ಹೌದು, ಮಗುವೂ ಹೌದು, ಎರಡು ಬಗೆಯಿಂದಲೂ ಆ ರಿಯಾಯಿತಿಗೆ ಅರ್ಹಳು ಎಂದೆ. ಅವಳು ತಾಳ್ಮೆಯಿಂದ ಕೇಳಿ, ಕೊನೆಗೆ ಹೇಳಿದಳು: "ರಿಯಾಯಿತಿ ಇರಲಿ ಅಪ್ಪಾ. ನಾನು ಎಷ್ಟು ಸಮಯದಲ್ಲಿ ಓಡಿದೆ ಎಂದು ಯಾರೂ ಬರೆಯಲೇ ಇಲ್ಲವಲ್ಲ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅದರ ಬಗ್ಗೆ ಯೋಚಿಸಿದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲಿಗೆ ಒಂದು ಸರಳ ಸಂಗತಿ. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದೇ ಸಮಾನತೆಯಲ್ಲ. ಗಡಿನಾಡಿನ ಕನ್ನಡಿಗರಾದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿನ ಮುಂದೆ ಮಲಯಾಳದ ಪ್ರಶ್ನೆಪತ್ರಿಕೆಯನ್ನಿಟ್ಟು, 'ಎಲ್ಲರಿಗೂ ಒಂದೇ ಪ್ರಶ್ನೆ, ಆದುದರಿಂದ ನ್ಯಾಯ' ಎಂದರೆ ನಾವು ಒಪ್ಪುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುವ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿದ್ದು ಈ ಅರಿವಿನಿಂದಲೇ. ಆದರೆ ನಾವು ಕೇಳಿದ್ದು ಕನ್ನಡದ ಪ್ರಶ್ನೆಪತ್ರಿಕೆಯನ್ನು. 'ನಿಮ್ಮ ಮಕ್ಕಳು ಪರೀಕ್ಷೆ ಬರೆಯುವುದೇ ಬೇಡ, ಎಲ್ಲರಿಗೂ ಪಾಸು' ಎಂಬ ಕೃಪೆಯನ್ನಲ್ಲ. ಬೇರೆ ಅಳತೆಗೋಲು ಬೇರೆ, ಅಳೆಯದೆ ಬಿಡುವುದು ಬೇರೆ. ಮಗಳ ಕಾರ್ಡಿನಲ್ಲಿದ್ದ 'ಉತ್ತಮ' ಎರಡನೆಯ ಬಗೆಯದು.

ಬೇರೆ ಅಳತೆಗೋಲು ಯಾವಾಗ ನ್ಯಾಯ ಎನ್ನುವುದನ್ನು ನ್ಯಾಯಾಲಯಗಳು ಗಂಭೀರವಾಗಿ ಪರಿಶೀಲಿಸಿವೆ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಯ ತರಬೇತಿಯಲ್ಲಿ ಪುರುಷರು 30 ಪುಷ್-ಅಪ್ ಹೊಡೆಯಬೇಕಿತ್ತು, ಮಹಿಳೆಯರು 14. ಬಾವರ್ ಎಂಬ ಅಭ್ಯರ್ಥಿ 29 ಹೊಡೆದು, ಒಂದರ ಕೊರತೆಯಿಂದ ಅವಕಾಶ ಕಳೆದುಕೊಂಡರು. ತಾನು ಹೆಣ್ಣಾಗಿದ್ದರೆ ಅದರ ಅರ್ಧದಲ್ಲೇ ಉತ್ತೀರ್ಣನಾಗುತ್ತಿದ್ದೆ, ಇದು ಲಿಂಗತಾರತಮ್ಯವೆಂದು ಅವರು ದಾವೆ ಹೂಡಿದರು. ಕೆಳ ನ್ಯಾಯಾಲಯ 2014ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಮೇಲ್ಮನವಿ ನ್ಯಾಯಾಲಯ 2016ರ ಜನವರಿಯಲ್ಲಿ ಅದನ್ನು ರದ್ದುಪಡಿಸಿತು. ಅದರ ತರ್ಕದ ಸಾರ ಇಷ್ಟು: ಸ್ತ್ರೀಪುರುಷರ ಶರೀರರಚನೆಯಲ್ಲಿ ನಿಜವಾದ ವ್ಯತ್ಯಾಸವಿದೆ, ಸಂಖ್ಯೆ ಬೇರೆಯಾದರೂ ಅದನ್ನು ಮುಟ್ಟಲು ಇಬ್ಬರೂ ಪಡಬೇಕಾದ ಶ್ರಮ ಸಮಾನವಾಗಿದ್ದರೆ ಅದು ತಾರತಮ್ಯವಾಗದು. ನ್ಯಾಯಾಲಯ ತೂಗಿದ್ದು ಸಂಖ್ಯೆಯನ್ನಲ್ಲ, ಬೆವರನ್ನು.

ನಮ್ಮ ಸರ್ವೋಚ್ಚ ನ್ಯಾಯಾಲಯ 2021ರ ಮಾರ್ಚಿನಲ್ಲಿ ಲೆಫ್ಟಿನೆಂಟ್ ಕರ್ನಲ್ ನಿತೀಶಾ ಪ್ರಕರಣದಲ್ಲಿ ನಾಣ್ಯದ ಇನ್ನೊಂದು ಮುಖವನ್ನು ತೋರಿಸಿತು. ಸೇನೆಯಲ್ಲಿ ಕಾಯಂ ನೇಮಕಕ್ಕೆ ಸ್ತ್ರೀಪುರುಷರಿಬ್ಬರಿಗೂ ಒಂದೇ ವೈದ್ಯಕೀಯ ಮಾನದಂಡವೆಂದು ಸರಕಾರ ವಾದಿಸಿತ್ತು. ಆದರೆ ಪುರುಷ ಅಧಿಕಾರಿಗಳನ್ನು ಆ ಮಾನದಂಡದಿಂದ ಅಳೆದಿದ್ದು ಸೇವೆಯ 5ನೆಯ ಅಥವಾ 10ನೆಯ ವರ್ಷದಲ್ಲಿ, ಯೌವನದಲ್ಲಿ. ವರ್ಷಗಳ ಕಾಲ ಹಕ್ಕು ನಿರಾಕರಿಸಲ್ಪಟ್ಟ ಮಹಿಳೆಯರನ್ನು ಅದೇ ಕೋಲಿನಿಂದ ಅಳೆದಿದ್ದು ನಡುವಯಸ್ಸಿನಲ್ಲಿ. ಮೇಲುನೋಟಕ್ಕೆ ಒಂದೇ ಆಗಿ ಕಾಣುವ ನಿಯಮವೂ ಪರಿಣಾಮದಲ್ಲಿ ಪರೋಕ್ಷ ತಾರತಮ್ಯವಾಗಬಲ್ಲದೆಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು.

ಹಾಗಾದರೆ ಶಾಲೆಯ ಮೈದಾನದಲ್ಲಿ ಬೇರೆ ಬೇರೆ ಸಂಖ್ಯೆಗಳಿರುವುದು ತಪ್ಪಲ್ಲ. ಶರೀರ ಸುಳ್ಳು ಹೇಳುವುದಿಲ್ಲ. ಪುರುಷರ 100 ಮೀಟರ್ ಓಟದ ವಿಶ್ವದಾಖಲೆ 9.58 ಸೆಕೆಂಡು, ಮಹಿಳೆಯರದು 10.49, ಅಂತರ ಹತ್ತರಲ್ಲಿ ಒಂದು ಪಾಲಿನಷ್ಟು. ಗುಂಡೆಸೆತದಲ್ಲಿ ಪುರುಷರ ಗುಂಡು 7.26 ಕಿಲೋ, ಮಹಿಳೆಯರದು 4 ಕಿಲೋ. ಪ್ರೌಢಾವಸ್ಥೆಯ ಬಳಿಕ ಹುಡುಗರಲ್ಲಿ ಸ್ನಾಯು ಹೆಚ್ಚುತ್ತದೆ, ರಕ್ತದಲ್ಲಿ ಹಿಮೋಗ್ಲೋಬಿನ್ ಏರುತ್ತದೆ. ತೋಳು ಭುಜಗಳ ಬಲದಲ್ಲಿ ಈ ಅಂತರ ಕಾಲುಗಳ ಬಲದಲ್ಲಿರುವುದಕ್ಕಿಂತಲೂ ಹೆಚ್ಚು. ಇದನ್ನು ಅಲ್ಲಗಳೆಯುವುದು ಸಮಾನತೆಯ ಹೆಸರಿನಲ್ಲಿ ಹುಡುಗಿಯರಿಗೇ ಅನ್ಯಾಯ ಮಾಡಿದಂತೆ. ಅಮೆರಿಕದಲ್ಲಿ 1975ರಲ್ಲಿ ರೂಪಿಸಿದ ಶಾಲಾ ನಿಯಮಗಳು ಈ ವಿಷಯದಲ್ಲಿ ವಿವೇಕದಿಂದ ಕೂಡಿವೆ: ದೈಹಿಕ ಶಿಕ್ಷಣದ ತರಗತಿಯಲ್ಲಿ ಹುಡುಗ ಹುಡುಗಿಯರನ್ನು ಸುಮ್ಮನೆ ಬೇರ್ಪಡಿಸಬಾರದು, ಸಾಮರ್ಥ್ಯದ ಪ್ರಕಾರ ಗುಂಪು ಮಾಡಬಹುದು, ಒಂದೇ ಮಾನದಂಡದಿಂದ ಒಂದು ಲಿಂಗದ ಮಕ್ಕಳಿಗೆ ಹಾನಿಯಾಗುವುದಾದರೆ ಹಾನಿಯಾಗದಂತಹ ತಕ್ಕ ಮಾನದಂಡವನ್ನು ಬಳಸಬೇಕು.

ಆದರೆ ನಾವು ಕೊಡುವ ರಿಯಾಯಿತಿಗಳೆಲ್ಲವೂ ಶರೀರದಿಂದ ಹುಟ್ಟಿದವೇ? ಎರಡು ಉದಾಹರಣೆಗಳನ್ನು ನೋಡೋಣ.

ನಮ್ಮ ದೇಶದ ಖೇಲೋ ಇಂಡಿಯಾ ಶಾಲಾ ಕ್ಷಮತಾ ಪರೀಕ್ಷೆಯಲ್ಲಿ 9ರಿಂದ 18 ವರ್ಷದವರಿಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು, ಹೊಟ್ಟೆಯ ಸ್ನಾಯುಗಳ ವ್ಯಾಯಾಮ ಇವೆಲ್ಲ ಇಬ್ಬರಿಗೂ ಸಮಾನ. ಪುಷ್-ಅಪ್ ಮಾತ್ರ ಹುಡುಗರಿಗೆ ಪೂರ್ಣ, ಹುಡುಗಿಯರಿಗೆ ಮೊಣಕಾಲೂರಿ. ಹದಿನಾರರ ಹರೆಯದಲ್ಲಿ ಇದಕ್ಕೆ ಕಾರಣವಿದೆ. ಆದರೆ ಒಂಬತ್ತು ವರ್ಷದ, ನಾಲ್ಕನೆಯ ತರಗತಿಯ ಮಕ್ಕಳಲ್ಲಿ ಬಲದ ಅಂತರ ಅಲ್ಪ. ಆ ವಯಸ್ಸಿಗೇ 'ನಿನ್ನದು ಮೊಣಕಾಲೂರುವ ಬಗೆ' ಎಂದು ಹೇಳಿಕೊಡುವುದು ಪ್ರಕೃತಿಯಲ್ಲ, ನಾವೇ. ಇನ್ನೊಂದನ್ನೂ ಗಮನಿಸಬೇಕು: ಆ ಪಟ್ಟಿಯ ಪ್ರಕಾರ ಹುಡುಗಿಗೂ ಓಡಲಿರುವುದು 600 ಮೀಟರೇ. ಒಂದು ಸುತ್ತು ಸಾಕೆಂದು ನಿಯಮ ಹೇಳಲಿಲ್ಲ, ರೂಢಿ ಹೇಳಿತು.

ಎರಡನೆಯ ಉದಾಹರಣೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿಯದು. ಪುರುಷ ಅಭ್ಯರ್ಥಿ 24 ನಿಮಿಷಗಳಲ್ಲಿ 5 ಕಿಲೋಮೀಟರ್ ಓಡಬೇಕು. ಮಹಿಳೆ ಎಂಟೂವರೆ ನಿಮಿಷಗಳಲ್ಲಿ 1.6 ಕಿಲೋಮೀಟರ್. ಲೆಕ್ಕ ಹಾಕಿ ನೋಡಿದರೆ ಪುರುಷನ ವೇಗ ಗಂಟೆಗೆ ಹನ್ನೆರಡೂವರೆ ಕಿಲೋಮೀಟರು, ಮಹಿಳೆಯದು ಹನ್ನೊಂದೂಕಾಲು. ವೇಗದಲ್ಲಿನ ಈ ಹತ್ತನೆಯ ಒಂದು ಪಾಲಿನ ರಿಯಾಯಿತಿ ಶರೀರಕ್ಕೆ ಒಪ್ಪುವಂಥದು. ಆದರೆ ದೂರವನ್ನು ಮೂರನೆಯ ಒಂದು ಪಾಲಿಗೆ ಇಳಿಸಿದ್ದನ್ನು ಯಾವ ಶರೀರಶಾಸ್ತ್ರ ಸಮರ್ಥಿಸುತ್ತದೆ? ಮಹಿಳೆಯರ ಒಲಿಂಪಿಕ್ ಮ್ಯಾರಥಾನ್ ಪುರುಷರಷ್ಟೇ ದೂರದ್ದು, 42.195 ಕಿಲೋಮೀಟರು. ಸಮಯದ ರಿಯಾಯಿತಿ ದೇಹವನ್ನು ನೋಡಿ ಕೊಟ್ಟದ್ದು; ದೂರದ ರಿಯಾಯಿತಿ ಹೆಣ್ಣಿನ ಬಗ್ಗೆ ನಮಗಿರುವ ಕಲ್ಪನೆಯನ್ನು ನೋಡಿ ಕೊಟ್ಟದ್ದು.

ಆ ಕಲ್ಪನೆಗೆ ದೀರ್ಘ ಇತಿಹಾಸವಿದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಮಹಿಳೆಯರು ಮೊದಲ ಬಾರಿಗೆ 800 ಮೀಟರ್ ಓಡಿದರು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆಯೊಡನೆ ಗೆದ್ದರು. ಓಟ ಮುಗಿಸಿದವರು ದಣಿದು ಕುಸಿದರೆಂದು ಪತ್ರಿಕೆಗಳು ಅತಿರಂಜಿತವಾಗಿ ಬರೆದುವು. ಓಟದ ಕೊನೆಗೆ ಗಂಡಸರೂ ನೆಲಕ್ಕೊರಗುವುದುಂಟೆಂದು ಯಾರಿಗೂ ನೆನಪಾಗಲಿಲ್ಲ. ಆ ಸ್ಪರ್ಧೆಯನ್ನು ಕೈಬಿಟ್ಟರು. ಮರಳಿ ಸೇರಿದ್ದು 1960ರ ರೋಮಿನಲ್ಲಿ. ಮೂವತ್ತೆರಡು ವರ್ಷಗಳ ಕಾಲ ಜಗತ್ತಿನ ಹೆಣ್ಣುಮಕ್ಕಳಿಗೆಲ್ಲ 'ನಿಮಗೆ ಒಂದು ಸುತ್ತು ಸಾಕು' ಎಂದು ಹೇಳಿದಂತಾಯಿತು.

ನಮ್ಮ ಊರಿನಲ್ಲಿ ಈ ಕೋಮಲತೆಯ ಮಾತು ಇನ್ನಷ್ಟು ವಿಚಿತ್ರವಾಗಿ ಕೇಳಿಸುತ್ತದೆ. ಗುಡ್ಡೆಯಿಂದ ಸೊಪ್ಪಿನ ಹೊರೆ ಇಳಿಸಿದವರು, ಅಡಿಕೆ ಗೋಣಿಯನ್ನು ಅಂಗಳಕ್ಕೆ ಸಾಗಿಸಿದವರು, ಬೇಸಗೆಯಲ್ಲಿ ತೋಟದ ತಗ್ಗಿನಿಂದ ಕೊಡ ಹೊತ್ತು ಮೆಟ್ಟಿಲೇರಿದವರು ಯಾರು? ನನ್ನ ಅಜ್ಜಿಯ ತಲೆಹೊರೆಯನ್ನು ಯಾರೂ ಮೂರನೆಯ ಒಂದು ಪಾಲಿಗೆ ಇಳಿಸಿರಲಿಲ್ಲ. ದುಡಿಮೆಯಲ್ಲಿ ಕಾಣದ ದೌರ್ಬಲ್ಯ ಆಟದಲ್ಲಿ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆಂದರೆ, ನಾವು ಕಾಪಾಡುತ್ತಿರುವುದು ಹುಡುಗಿಯ ಆರೋಗ್ಯವನ್ನಲ್ಲ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾಲ್ಕು ವರ್ಷಗಳ ಹಿಂದೆ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನವನ್ನು ಹುಡುಗರ ಫುಟ್‌ಬಾಲ್ ತಂಡಕ್ಕೆ ಬಿಟ್ಟುಕೊಡುವ ನಿರ್ಣಯವಾಯಿತು. 'ಹುಡುಗಿಯರು ಹೇಗೂ ಕತ್ತಲಾಗುವ ಮೊದಲು ಮನೆಗೆ ಹೋಗಬೇಕಲ್ಲ' ಎಂದು ಒಬ್ಬರು ಹೇಳಿದರು. ಅದು ನಮ್ಮೆಲ್ಲರಿಗೂ ಸಹಜವಾಗಿಯೇ ತೋರಿತು. ಆ ನಿರ್ಣಯವನ್ನು ಕ್ರಮಬದ್ಧ ಭಾಷೆಯಲ್ಲಿ ಬರೆದುಕೊಟ್ಟವನು ನಾನೇ. ಹುಡುಗಿಯರಿಗೆ ಬೇರೊಂದು ಹೊತ್ತನ್ನು ಗೊತ್ತುಮಾಡಬೇಕೆಂಬ ಒಂದು ಸಾಲನ್ನು ಅದಕ್ಕೆ ಸೇರಿಸಲು ನನಗೂ ಹೊಳೆಯಲಿಲ್ಲ. ನಾಲ್ಕು ವರ್ಷ ಮೈದಾನ ಕೊಡದೆ ಇದ್ದು, ಬಳಿಕ 'ಹುಡುಗಿಯರು ಓಡಲಾರರು' ಎಂದು ರಿಯಾಯಿತಿ ನೀಡುವುದು ಎಂಥ ನ್ಯಾಯ? ನಿತೀಶಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಗುರುತಿಸಿದ ದೋಷವೂ ಇದೇ ಜಾತಿಯದು: ಮೊದಲು ಅವಕಾಶವನ್ನು ತಡೆಯುವುದು, ಆ ತಡೆಯಿಂದಾದ ಕೊರತೆಯನ್ನೇ ಆಮೇಲೆ ಅವರ ವಿರುದ್ಧ ಎಣಿಸುವುದು.

ಈ ವ್ಯವಸ್ಥೆ ಹುಡುಗರಿಗೂ ಒಳಿತು ಮಾಡುವುದಿಲ್ಲ. ಮೂರನೆಯ ಸುತ್ತಿನಲ್ಲಿ ಏದುಸಿರುಬಿಟ್ಟು ನಿಂತ ಹುಡುಗನಿಗೆ ಸಿಕ್ಕುವ ಬಿರುದು ಯಾವುದೆಂದು ಎಲ್ಲರಿಗೂ ಗೊತ್ತಿದೆ: 'ಹುಡುಗಿಯ ಹಾಗೆ'. ಒಂದೇ ಮಾತಿನಲ್ಲಿ ಆ ಹುಡುಗನಿಗೂ ಅವಮಾನ, ಅಲ್ಲಿ ಕುಳಿತ ಹುಡುಗಿಯರಿಗೂ ಅವಮಾನ. ತಡವಾಗಿ ಬೆಳೆಯುವ, ತೆಳ್ಳಗಿನ, ಉಬ್ಬಸವಿರುವ ಗಂಡುಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಲಿಂಗದ ಸರಾಸರಿಯೊಂದೇ ಅಳತೆಯಾದರೆ ಅವರು ಪ್ರತಿ ವರ್ಷವೂ ಸೋಲುತ್ತಾರೆ. ಜೂನಿನಲ್ಲಿ ಎಷ್ಟು ಓಡಿದ, ಜನವರಿಯಲ್ಲಿ ಎಷ್ಟು ಓಡಿದ ಎಂದು ಮಗುವನ್ನು ಅದರ ಹಿಂದಿನ ದಿನದೊಂದಿಗೇ ಹೋಲಿಸುವುದು ಕಲಿಕೆಗೆ ಹೆಚ್ಚು ಹತ್ತಿರ. ಓಟದ ಸ್ಪರ್ಧೆ ಬೇರೆ, ವ್ಯಾಯಾಮದ ಪಾಠ ಬೇರೆ. ಸ್ಪರ್ಧೆಯಲ್ಲಿ ಒಬ್ಬರು ಗೆದ್ದರೆ ಸಾಕು, ಪಾಠ ಎಲ್ಲರಿಗೂ ತಲಪಬೇಕು.

ಕಾನೂನಿನ ದೃಷ್ಟಿಯಿಂದಲೂ ಇದು ಶಾಲೆಯ ಔದಾರ್ಯದ ವಿಷಯವಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಾಲೆಗೆ ಆಟದ ಮೈದಾನವನ್ನೂ, ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯಗಳನ್ನೂ ಕಡ್ಡಾಯಗೊಳಿಸಿದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅಂಶಕಾಲಿಕ ಬೋಧಕರಿರಬೇಕು. ಕೇರಳ ಹೈಕೋರ್ಟ್ 2024ರ ಏಪ್ರಿಲಿನಲ್ಲಿ, ಸರಿಯಾದ ಮೈದಾನವಿಲ್ಲದ ಶಾಲೆಗಳ ಮೇಲೆ ಮುಚ್ಚುವವರೆಗಿನ ಕ್ರಮ ಕೈಗೊಳ್ಳಬೇಕೆಂದು ಹೇಳಿ, ಮೈದಾನದ ವಿಸ್ತಾರದ ಬಗ್ಗೆ ಮಾರ್ಗಸೂಚಿ ರೂಪಿಸಲು ಸರಕಾರಕ್ಕೆ ಆದೇಶಿಸಿತು. ಮೈದಾನ ಮಕ್ಕಳ ಹಕ್ಕಾದರೆ, ಅದರ ಅರ್ಧ ಹುಡುಗಿಯರದು. ಉಡುಪೂ ಇದರಲ್ಲೇ ಸೇರುತ್ತದೆ. ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಙರ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯು ಎಲ್ಲ ಮಕ್ಕಳಿಗೂ ಮೊಣಕಾಲು ಮುಚ್ಚುವ ಚಡ್ಡಿ, ಅಂಗಿಯ ಸಮವಸ್ತ್ರ ತಂದು ಹೆಸರಾಯಿತು. ಲಂಗ ಹಿಡಿದುಕೊಂಡು ಓಡುವ ಮಗುವಿಗೂ ಎರಡು ಕೈ ಬೀಸಿ ಓಡುವ ಮಗುವಿಗೂ ಇರುವ ವ್ಯತ್ಯಾಸ ಶರೀರದ್ದಲ್ಲ, ದರ್ಜಿಯದು. ಯಾವ ಉಡುಪು ಎಂಬುದು ಆಯಾ ಮನೆಯವರ ಇಷ್ಟಕ್ಕೂ ಸೇರಿದ್ದು. ಓಡಲು ಬರುವಂತಿರಲಿ ಎಂಬಷ್ಟೇ ನನ್ನ ಕೋರಿಕೆ.

ಅವಕಾಶ ಸಿಕ್ಕಿದಲ್ಲಿ ಏನಾಯಿತೆಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. 1976ರಲ್ಲಿ ಕೇರಳ ಸರಕಾರ ಹುಡುಗಿಯರಿಗಾಗಿ ಕಣ್ಣೂರಿನಲ್ಲಿ ಕ್ರೀಡಾ ಶಾಲೆಯನ್ನು ತೆರೆಯಿತು. ಅಂದು ನಮ್ಮ ಕಾಸರಗೋಡು ಕಣ್ಣೂರು ಜಿಲ್ಲೆಯದೇ ಭಾಗ. ಅಲ್ಲಿ ಸೇರಿದ ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಂಚಿನ ಪದಕ ಕಳೆದುಕೊಂಡರು. ಅದೇ ವರ್ಷ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಆ ನೂರನೆಯ ಒಂದು ಪಾಲನ್ನು ಜಗತ್ತು ಇಂದಿಗೂ ನೆನೆಯುತ್ತಿರುವುದು ಯಾರೋ ಅದನ್ನು ಅಳೆದು ಬರೆದಿಟ್ಟದ್ದರಿಂದ.

ಕಳೆದ ತಿಂಗಳ ರಕ್ಷಕ-ಶಿಕ್ಷಕ ಸಭೆಯಲ್ಲಿ ನಾನು ನಾಲ್ಕು ಬೇಡಿಕೆಗಳನ್ನಿಟ್ಟೆ. ಹುಡುಗಿಯರೂ ಪೂರ್ತಿ ದೂರ ಓಡಲಿ, ನಡೆಯಬೇಕಾದವರು ನಡೆದಾದರೂ ಮುಗಿಸಲಿ. ಪ್ರತಿಯೊಬ್ಬರ ಸಮಯವನ್ನೂ ಬರೆಯಲಿ. ದರ್ಜೆ ಕೊಡುವಾಗ ವಯಸ್ಸಿಗೂ ಶರೀರಕ್ಕೂ ತಕ್ಕ ಪಟ್ಟಿಯನ್ನು ಬಳಸಲಿ. ವಾರದಲ್ಲಿ ಎರಡು ಸಂಜೆ ಮೈದಾನ ಹುಡುಗಿಯರಿಗಿರಲಿ. ಮಾಸ್ತರರು ಸಜ್ಜನರು. "ವಕೀಲರೇ, ಬೇಡವೆಂದು ಯಾರು ಹೇಳಿದರು? ಯಾರೂ ಕೇಳಿರಲಿಲ್ಲ, ಅಷ್ಟೆ" ಎಂದರು. ಅವರ ಮಾತು ನಿಜವೇ. ನನ್ನ ಹಳೆಯ ನಿರ್ಣಯವನ್ನು ನಾನೇ ಹೊಡೆದುಹಾಕಿ ಹೊಸದನ್ನು ಬರೆದೆ.

ಮರುವಾರ ಇಡೀ ತರಗತಿ ಮೂರು ಸುತ್ತು ಓಡಿತು. ನನ್ನ ಮಗಳ ಸಮಯ 2 ನಿಮಿಷ 47 ಸೆಕೆಂಡು. ಹೆಚ್ಚಿನ ಹುಡುಗರು ಅವಳಿಗಿಂತ ಮುಂದಿದ್ದರು, ಕೆಲವರು ಹಿಂದಿದ್ದರು. ಅವಳಿಗೆ ಅದರಿಂದ ಹೆಮ್ಮೆಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಮುಂದಿನ ಸಲ ನಲವತ್ತಕ್ಕೆ ಇಳಿಸಬೇಕೆಂದು ಲೆಕ್ಕ ಹಾಕತೊಡಗಿದಳು.

ಆದರೆ ಅಂದಿನ ಮುಖ್ಯ ಸಂಗತಿ ಅದಲ್ಲ. ಎರಡನೆಯ ಸುತ್ತಿನಲ್ಲಿ ಅವಳ ಗೆಳತಿಯೊಬ್ಬಳು ಮುಖ ಬಿಳಿಚಿ ಕುಳಿತುಬಿಟ್ಟಳು. ಮಾಸ್ತರರು ವಿಚಾರಿಸಿದಾಗ, ಮೆಟ್ಟಿಲು ಹತ್ತುವಾಗಲೂ ಹಾಗೇ ಆಗುತ್ತದೆಂದಳು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿದಾಗ ತೀವ್ರ ರಕ್ತಹೀನತೆಯೆಂದು ಗೊತ್ತಾಯಿತು. ಈಗ ಚಿಕಿತ್ಸೆ ನಡೆಯುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ, ಹುಡುಗರಲ್ಲಿ 31 ಮಂದಿಗೆ. ಈ ಅಂತರದಲ್ಲಿ ಪ್ರಕೃತಿಯ ಪಾಲೂ ಇದೆ. ಕೊನೆಗೆ ಉಣ್ಣುವವಳ ಬಟ್ಟಲಿನ ಪಾಲೂ ಇದೆ.

ಆ ಹುಡುಗಿಯ ಹಳೆಯ ಕಾರ್ಡಿನಲ್ಲಿಯೂ 'ಉತ್ತಮ' ಎಂದೇ ಇತ್ತು. ಒಂದೇ ಸುತ್ತಿಗೆ ನಿಲ್ಲಿಸಿದ್ದರೆ ಈ ವರ್ಷವೂ ಹಾಗೆಯೇ ಇರುತ್ತಿತ್ತು.